ಬ್ಯಾಟರಿ ಬಿಚ್ಚಿದ ಮೇಲೂ ಅಲ್ಲಾಡಿದ ಮುಳ್ಳು

ಕರೆಂಟು ಎಂದರೆ ಶಾಕ್ ಹೊಡೆಯುವುದು ಎಂದಷ್ಟೇ ತಿಳಿದು ನಮ್ಮ ಕೆಲಸಕ್ಕೆ ಬಂದವರು ಮೊದಲ ವಾರದಲ್ಲೇ ಕೈ ಸುಟ್ಟುಕೊಳ್ಳುತ್ತಾರೆ. ಮನೆಯ ಕರೆಂಟು ಮುಟ್ಟಿದರೆ ಒದೆಯುತ್ತದೆ, ತಾನು ಇದ್ದೇನೆ ಎಂದು ತಿಳಿಸುತ್ತದೆ. ಬಸ್ಸಿನ ಬ್ಯಾಟರಿ ಹಾಗಲ್ಲ. ಅದರ ಎರಡೂ ತುದಿಗಳನ್ನು ಬರಿಗೈಯಲ್ಲಿ ಹಿಡಿದು ನಿಂತರೆ ಇರುವೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ. ಅದೇ ಎರಡು ತುದಿಗಳ ಮೇಲೆ ನಟ್ಟು ತಿರುಗಿಸುವ ಒಂದು ಪಾನಾ ಅಡ್ಡ ಬೀಳಲಿ, ಎತ್ತಿಕೊಳ್ಳುವಷ್ಟರಲ್ಲಿ ಕೆಂಪಗೆ ಕಾಯ್ದು ಅಲ್ಲೇ ಬೆಸೆದುಕೊಂಡಿರುತ್ತದೆ. ಮನುಷ್ಯನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ, ಕಬ್ಬಿಣವೋ ತಾಮ್ರವೋ ಸಿಕ್ಕಿದರೆ ಮಾತ್ರ ಎದ್ದು ಬರುವ ಕರೆಂಟು ಅದು. ನಾನು ಜೀವಮಾನವಿಡೀ ಅಳೆದದ್ದು ಅದನ್ನು.

ಈಗ ಈ ಕೆಲಸ ಕಲಿಯುತ್ತಿರುವ ನಮ್ಮ ಓಣಿಯ ಹುಡುಗರು ಆಗಾಗ ಬಂದು, "ನಿಮ್ಮ ಕಾಲ್ದಾಗ ಹೆಂಗೆ ಮಾಡ್ತಿದ್ರಿ ಅಜ್ಜಾ" ಎಂದು ಕೇಳುತ್ತಾರೆ. ಅವರ ಕೈಯಲ್ಲಿ ಇಕ್ಕಳದಂತೆ ಬಾಯಿ ತೆರೆಯುವ ಮೀಟರು ಇರುತ್ತದೆ. ಕೇಬಲ್ಲಿಗೆ ಕಚ್ಚಿಸಿದರೆ ಅಂಕಿ ತಾನೇ ಮೂಡುತ್ತದೆ. ಅಂಕಿ ಮೂಡಿತೆಂದರೆ ಅವರಿಗೆ ಅದೇ ವೇದವಾಕ್ಯ. ಅದು ಏನನ್ನು ನೋಡಿ ಆ ಅಂಕಿ ಹೇಳಿತು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸೇರಿದೆ, ಯಾವಾಗ ಫೋರ್‌ಮನ್ ಆದೆ ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಓದಿ ಯಾರಿಗೂ ಏನೂ ಆಗಬೇಕಾಗಿಲ್ಲ.

ದಾವಣಗೆರೆಯಲ್ಲಿ ಹತ್ತಾರು ಬಸ್ಸು ಇಟ್ಟುಕೊಂಡಿದ್ದ ಒಬ್ಬ ಸಾಹುಕಾರರ ವರ್ಕ್‌ಶಾಪಿನಲ್ಲಿ ನಾನು ಕೆಲಸ ಕಲಿತೆ. ನನಗೆ ಕಲಿಸಿದವರು ಗಫಾರ್ ಸಾಬರು. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರ ಎಡಗೈ ಉಂಗುರದ ಬೆರಳಿನ ಸುತ್ತ ಬಿಳೀ ಪಟ್ಟಿಯಂಥ ಕಲೆ ಇತ್ತು. ಮದುವೆಯಲ್ಲಿ ಮಾವ ಹಾಕಿದ ಬೆಳ್ಳಿ ಉಂಗುರ ಬ್ಯಾಟರಿಯ ತುದಿಗೂ ಪಾನಾಕ್ಕೂ ನಡುವೆ ಸಿಕ್ಕಿ, ಬೆರಳಿನಲ್ಲೇ ಕರಗಲು ಶುರುವಾದದ್ದರ ಗುರುತು. ಹೊಸಬರು ಬಂದರೆ ಉಸ್ತಾದರು ಮಾತಿಲ್ಲದೆ ಆ ಬೆರಳನ್ನು ಮುಖದ ಮುಂದೆ ಹಿಡಿಯುತ್ತಿದ್ದರು. ಅಷ್ಟೇ ಪಾಠ. ಮಾರನೆಯ ದಿನ ಆ ಹೊಸಬನ ಕೈಯಲ್ಲಿ ಉಂಗುರ, ಕಡಗ ಏನೂ ಇರುತ್ತಿರಲಿಲ್ಲ.

ಉಸ್ತಾದರು ಮೀಟರು ಮುಟ್ಟುತ್ತಿರಲಿಲ್ಲ. ಇಂಜಿನ್ ತಿರುಗಿಸುವ ಸೆಲ್ಫ್ ಮೋಟಾರಿನ ದನಿ ಕೇಳಿ, ಆಮೇಲೆ ಕೇಬಲ್ಲನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ಬಿಸಿ ನೋಡಿ, "ಜಾಸ್ತಿ ಎಳೀತೈತೆ" ಎನ್ನುತ್ತಿದ್ದರು. ಎಷ್ಟು ಜಾಸ್ತಿ ಎಂದು ಕೇಳಿದರೆ ಸಿಟ್ಟು ಬರುತ್ತಿತ್ತು. ಸಾಹುಕಾರರು ಎಲ್ಲಿಂದಲೋ ಒಂದು ಷಂಟು ತರಿಸಿದಾಗ ಅದನ್ನು ನನ್ನ ಕೈಗೆ ಹಾಕಿ ತಾವು ದೂರ ಸರಿದರು. ಷಂಟು ಎಂದರೆ ಅಂಗೈಯುದ್ದದ ದಪ್ಪ ಲೋಹದ ಪಟ್ಟಿ. ಕೇಬಲ್ಲನ್ನು ಬಿಚ್ಚಿ, ಅದರ ದಾರಿಯಲ್ಲಿ ಈ ಪಟ್ಟಿಯನ್ನು ಬೋಲ್ಟು ಹಾಕಿ ಬಿಗಿಯಬೇಕು. ಸೆಲ್ಫ್ ಎಳೆಯುವ ನಾನೂರು, ಐನೂರು ಆಂಪಿಯರ್ ಪೂರ್ತಿ ಅದರ ಮೂಲಕವೇ ಹಾದು ಹೋಗಬೇಕು. ಪಟ್ಟಿಯ ಎರಡು ಕಡೆಗೆ ಸಣ್ಣ ಮೀಟರು ಸಿಕ್ಕಿಸಿದರೆ ಅದರ ಮುಳ್ಳು ಎಷ್ಟು ಹಾಯಿತೆಂದು ಹೇಳುತ್ತದೆ. ಕೆಲಸ ನಿಧಾನ, ಮೈಕೈ ಗ್ರೀಸು. ಆದರೆ ಷಂಟು ಸುಳ್ಳು ಹೇಳಿದ್ದನ್ನು ನಾನು ಕಾಣೆ. ನನಗೆ 'ಮುಳ್ಳಿನ ಸಿದ್ದಪ್ಪ' ಎಂಬ ಹೆಸರು ಬಿದ್ದದ್ದೂ ಆಗಲೇ.

ಕೆಲವು ವರ್ಷ ಕಳೆದ ಮೇಲೆ ಕ್ಲಿಪ್ಪಿನ ಮೀಟರು ಬಂತು. ಸಿಗರೇಟು ಪ್ಯಾಕಿನಷ್ಟು ಇದ್ದ ಅದರ ಬೆನ್ನಿಗೆ ಎರಡು ಕಿವಿ. ಕೇಬಲ್ಲಿನ ಮೇಲೆ, ರಬ್ಬರು ಸುಲಿಯದೆ, ಸುಮ್ಮನೆ ಕೂರಿಸಿದರೆ ಆಯಿತು. ಎಲ್ಲೂ ವೈರು ತಾಗಿಸಬೇಕಾಗಿಲ್ಲ. ಸೆಲ್ಫ್ ಹೊಡೆದರೆ ಮುಳ್ಳು ಛಂಗನೆ ಎದ್ದು ಅಂಕಿಯ ಮೇಲೆ ನಿಲ್ಲುತ್ತಿತ್ತು. ನನಗೆ ಮೊದಲ ಸಲ ಮೈ ಜುಮ್ಮೆಂದಿತು. ಕೇಬಲ್ಲಿನಲ್ಲಿ ಕರೆಂಟು ಹರಿದಾಗ ಅದರ ಸುತ್ತ ಅಯಸ್ಕಾಂತದ ಶಕ್ತಿ ಹುಟ್ಟುತ್ತದೆ, ಮುಳ್ಳು ತಿರುಗುವುದು ಅದಕ್ಕೆ ಎಂದು ಅದರ ಜೊತೆ ಬಂದ ಕಾಗದದಲ್ಲಿತ್ತು. ಓದಿದೆ, ಅರ್ಥವಾಯಿತು ಎಂದುಕೊಂಡೆ. ಉಸ್ತಾದರು ಮಾತ್ರ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮುಟ್ಟದೇ ನಾಡಿ ನೋಡೋ ಡಾಕ್ಟ್ರನ್ನ ಹೆಂಗೆ ನಂಬ್ತಿಯೋ ಸಿದ್ದಪ್ಪ" ಎಂದರು. ಹಳೇ ಕಾಲದವರ ಮಾತು ಎಂದು ನಾನು ನಕ್ಕೆ. ಷಂಟನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಹರಿಹರದ ಮೇಲೆ ಮಲೆಬೆನ್ನೂರಿಗೆ ಹೋಗುವ ನಮ್ಮ ಬಸ್ಸಿನ ಸಂಗತಿ ನಡೆದದ್ದು ಅದೇ ವರ್ಷದ ಬೇಸಿಗೆಯಲ್ಲಿ. ಡ್ರೈವರು ರುದ್ರಪ್ಪ, ದಾವಣಗೆರೆಯವನು. ಕ್ಲೀನರು ಹಾಲೇಶಿ, ಹರಿಹರದ ಹತ್ತಿರದ ಸಾರಥಿ ಎಂಬ ಹಳ್ಳಿಯವನು, ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುವಷ್ಟು ದೋಸ್ತಿ. ಒಂದು ಮಟಮಟ ಮಧ್ಯಾಹ್ನ ಮಲೆಬೆನ್ನೂರಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಅಲ್ಲಿ ನೆಲ ಸ್ವಲ್ಪ ಇಳಿಜಾರು. ಆದ್ದರಿಂದ ರುದ್ರಪ್ಪ ಎಲ್ಲ ಡ್ರೈವರುಗಳಂತೆ ಇಂಜಿನ್ ನಿಲ್ಲಿಸಿ, ಗಾಡಿಯನ್ನು ಗೇರಿನಲ್ಲೇ ಬಿಟ್ಟು, ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದ. ಹಾಲೇಶಿ ಬಸ್ಸಿನ ಮುಂದೆ ನಿಂತು ಗಾಜು ಒರೆಸುತ್ತಿದ್ದ. ಅವನ ಹಿಂದೆ ಗೋಡೆ. ಯಾರೂ ಇಲ್ಲದ ಬಸ್ಸು ಒಮ್ಮೆ ಗುರ್ರೆಂದಿತು. ಸೆಲ್ಫ್ ತಿರುಗಿ, ಇಂಜಿನ್ ಎದ್ದು, ಬಸ್ಸು ಮುಂದಕ್ಕೆ ಹೋಗಿ ಗೋಡೆಗೆ ಒರಗಿ ನಿಂತಿತು. ಹಾಲೇಶಿ ನಡುವೆ ಇದ್ದ. ಜನ ಕೂಗಿಕೊಂಡು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಯಾರೂ ಇಲ್ಲದ ಬಸ್ಸು ಎಂದೆ. ಅಂದು ಹಾಗೆ ಹೇಳಿದವನು ರುದ್ರಪ್ಪ ಒಬ್ಬನೇ. ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುತ್ತಿದ್ದ ಮುದುಕಿ, ಡ್ರೈವರ್ ಸೀಟಿನಲ್ಲಿ ಬಿಳೀ ಅಂಗಿಯವನು ಕೂತಿದ್ದನ್ನು ಕಣ್ಣಾರೆ ಕಂಡೆ ಎಂದಳು. ಪೊಲೀಸರಿಗೆ ಅಷ್ಟೇ ಸಾಕಾಯಿತು. ರುದ್ರಪ್ಪ ಚಹಾ ಕುಡಿದು ಬಂದು ಗಾಡಿ ಎಬ್ಬಿಸಿದ್ದಾನೆ, ಮುಂದೆ ನಿಂತವನನ್ನು ನೋಡಿಲ್ಲ, ಈಗ ಸುಳ್ಳು ಹೇಳುತ್ತಿದ್ದಾನೆ ಎಂದು ತೀರ್ಮಾನಿಸಿದರು. ತಾನು ಖಾಕಿ ಅಂಗಿ ತೊಟ್ಟಿದ್ದೆ ಎಂದು ಅವನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊರ ಜನ ಇನ್ನೊಂದು ಮಾತು ಆಡಿದರು. ಬಸ್ಸಿಗೆ ಗಾಳಿ ಸೇರಿದೆ ಎಂದರು. ಸಾಹುಕಾರರು ಎರಡನ್ನೂ ಅರ್ಧರ್ಧ ನಂಬಿ, ಬಸ್ಸನ್ನು ವರ್ಕ್‌ಶಾಪಿನ ಹಿಂದಿನ ತಗಡಿನ ಶೆಡ್ಡಿಗೆ ಎಳೆಸಿ ನಿಲ್ಲಿಸಿದರು. ಮೋಟಾರ್ ಇನ್ಸ್‌ಪೆಕ್ಟರು ಬಂದು ನೋಡುವವರೆಗೆ ರುದ್ರಪ್ಪನಿಗೆ ಕೆಲಸವಿಲ್ಲ. ಕಾರಣ ಸಿಗದಿದ್ದರೆ ಲೈಸೆನ್ಸು ಹೋಗುತ್ತದೆ, ಜೈಲೂ ತಪ್ಪದು. ಎಲ್ಲಕ್ಕಿಂತ ಹೆಚ್ಚಾಗಿ, ಗೆಳೆಯನನ್ನು ಕೊಂದು ಸುಳ್ಳು ಹೇಳಿದವನೆಂಬ ಹೆಸರು ಉಳಿಯುತ್ತದೆ.

ಅವನು ನನ್ನ ಬಳಿ ಬಂದು ಕೂತ. ಗಡ್ಡ ಬೆಳೆದಿತ್ತು.

"ಸಿದ್ದಪ್ಪಣ್ಣ, ನಾನು ಅದ್ರಾಗ ಇರ್ಲಿಲ್ಲ. ನನ್ನ ಕೈಯಾಗ ಚಾದ ಗ್ಲಾಸ್ ಇತ್ತು. ನೀವಾದ್ರೂ ನಂಬ್ರಿ."

"ನಾ ನಂಬಿದ್ರೆ ಏನು ಬಂತೋ. ಮುಳ್ಳು ಹೇಳ್ಬೇಕು," ಎಂದೆ. ಹಾಗೆ ಹೇಳಿದ್ದು ನನಗೇ ಒರಟಾಗಿ ಕೇಳಿಸಿತು.

ಮಾರನೆಯ ದಿನ ಊಟದ ಹೊತ್ತು. ಮಿಲ್ಲಿನ ಸಿಳ್ಳೆ ಆಗಿ, ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಗಡಿನ ಶೆಡ್ಡು ಕಾದು ಟಿಣ್ ಟಿಣ್ ಎನ್ನುತ್ತಿತ್ತು. ನಾನು, ಉಸ್ತಾದರು, ರುದ್ರಪ್ಪ, ಹಿಂದೆ ಬಾಗಿಲಲ್ಲಿ ಸಾಹುಕಾರರು. ಡ್ರೈವರ್ ಸೀಟಿನ ಕೆಳಗಿನ ಹಲಗೆ ತೆಗೆದರೆ ಬ್ಯಾಟರಿಯ ಡಬ್ಬಿ. ಅದರ ಮಗ್ಗುಲಲ್ಲೇ ಸೆಲ್ಫಿನ ದೊಡ್ಡ ಸ್ವಿಚ್ಚು. ಬ್ಯಾಟರಿಯ ಕೇಬಲ್ಲು ಬಂದು ಸ್ವಿಚ್ಚಿನ ಒಂದು ಬೋಲ್ಟಿಗೆ ಸೇರುತ್ತದೆ, ಇನ್ನೊಂದು ಬೋಲ್ಟಿನಿಂದ ಹೊರಟ ಕೇಬಲ್ಲು ಸೆಲ್ಫಿಗೆ ಹೋಗುತ್ತದೆ. ಬಟನ್ ಒತ್ತಿದಾಗ ಮಾತ್ರ ಎರಡೂ ಒಂದಾಗಬೇಕು. ಒಳಗೆಲ್ಲ ಗ್ರೀಸು, ಧೂಳು, ಹಳೇ ಬಟ್ಟೆ ತುಂಬಿ ಕೈ ಹೋಗುವಷ್ಟೇ ಜಾಗ. ನಾನು ಸೆಲ್ಫಿಗೆ ಹೋಗುವ ಕೇಬಲ್ಲಿನ ಮೇಲೆ ಕ್ಲಿಪ್ಪಿನ ಮೀಟರನ್ನು ಕೂರಿಸಿದೆ.

ಬಟನ್ ಯಾರೂ ಒತ್ತಿರಲಿಲ್ಲ. ಮುಳ್ಳು ನಿಧಾನವಾಗಿ ಸೊನ್ನೆ ಬಿಟ್ಟು ಹೊರಟಿತು. ಅರವತ್ತರ ಹತ್ತಿರ ಹೋಗಿ, ಒಂದು ಸಲ ನಡುಗಿ, ಅಲ್ಲೇ ನಿಂತಿತು.

ಅರವತ್ತು ಆಂಪಿಯರ್ ಹರಿದರೆ ಕೇಬಲ್ಲು ಬೆಚ್ಚಗಾಗಬೇಕು. ಉಸ್ತಾದರು ಅಂಗೈಯ ಹಿಂಬದಿ ತಾಗಿಸಿ, "ತಣ್ಣಗೈತೆ" ಎಂದರು. ಸ್ವಿಚ್ಚು ಒಳಗೆ ಅಂಟಿರಬಹುದೆಂದು ನಾನು ಬ್ಯಾಟರಿಯ ಕೇಬಲ್ಲು ಬಿಚ್ಚಿದೆ. ಮುಳ್ಳು ಇಳಿಯಲಿಲ್ಲ. ಬ್ಯಾಟರಿಗಳನ್ನೇ ಎತ್ತಿಸಿ ಶೆಡ್ಡಿನ ಹೊರಗೆ ಬಿಸಿಲಿನಲ್ಲಿ ಇಡಿಸಿದೆ. ಬಸ್ಸಿನಲ್ಲಿ ಕರೆಂಟು ಎಂಬುದೇ ಇಲ್ಲ, ಅದು ಹುಟ್ಟುವ ಜಾಗವೂ ಇಲ್ಲ. ಬಂದು ಬಗ್ಗಿ ನೋಡಿದರೆ ಮುಳ್ಳು ಅರವತ್ತರ ಮೇಲೆ ಹಾಗೇ ಇದೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ಗಳಿಗೆ ಓಡಿಹೋಗಬೇಕೆನಿಸಿತು. ಮೇಲೆ ಖಾಲಿ ಸೀಟು, ಅದರ ಕೆಳಗೆ ನನ್ನ ತಲೆ. ಯಾರೋ ಮೇಲೆ ಕೂತು ನಾನು ಮಾಡುವುದನ್ನು ನೋಡುತ್ತಿದ್ದಾರೆ ಎಂಬ ಭಾವನೆ ಎಷ್ಟು ಗಟ್ಟಿಯಾಗಿ ಬಂತೆಂದರೆ ತಲೆ ಎತ್ತಲು ಧೈರ್ಯ ಸಾಲಲಿಲ್ಲ.

ಸಾಹುಕಾರರು ಬಾಗಿಲಿನಿಂದಲೇ ಕೈಮುಗಿದು ಹೊರಟುಹೋದರು. ರುದ್ರಪ್ಪನ ಮುಖದಲ್ಲಿ ಮಾತ್ರ ಒಂದು ಬಗೆಯ ನೆಮ್ಮದಿ ಕಂಡಿತು. ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಯಿತು.

"ನೋಡಿದ್ರೇನ್ರಿ," ಎಂದ ಅವನು, ಮೆಲ್ಲಗೆ. "ನಾನಲ್ಲ ಅಂತ ಹೇಳಿದ್ನಲ್ಲ."

ಸುದ್ದಿ ಸಂಜೆಯೊಳಗೆ ಹರಿಹರ ದಾಟಿತು. ಮರುದಿನ ವರ್ಕ್‌ಶಾಪಿನ ಗೇಟಿನಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಹಾಲೇಶಿಯ ಹೆಂಡತಿ ಗೌರವ್ವ. ಸಾರಥಿಯಿಂದ ಬಂದಿದ್ದಳು. ಅತ್ತು ಅತ್ತು ಅವಳ ದನಿ ಒಡೆದಿತ್ತು. ಆದರೆ ಅಂದು ಅಳುತ್ತಿರಲಿಲ್ಲ.

"ಅವ್ರು ಅದ್ರಾಗ ಅದಾರಂತಲ್ರಿ," ಎಂದಳು. "ನಿಮ್ ಮುಳ್ಳು ತೋರಿಸ್ತಂತೆ. ನಾನೊಂದು ಸಲ ನೋಡ್ಲೇನ್ರಿ?"

ಈಗ ಬೇಡ, ಸಾಹುಕಾರರು ಬೈಯುತ್ತಾರೆ ಎಂದು ಏನೋ ಹೇಳಿದೆ. ಅವಳು ಸರಿ ಎಂದು ತಲೆಯಾಡಿಸಿ, ಶೆಡ್ಡು ಕಾಣುವ ಹಾಗೆ ಬೇವಿನ ಮರದ ಕೆಳಗೆ ಹೋಗಿ ಕೂತಳು. ಇನ್ನೂ ಎರಡು ಮೂರು ದಿನ ಹಾಗೇ ಬಂದು ಕೂತು, ಹೊತ್ತು ಇಳಿದ ಮೇಲೆ ಎದ್ದು ಹೋಗುತ್ತಿದ್ದಳು.

ಈಗ ಹುಡುಗರು ಗಮನವಿಟ್ಟು ಓದಬೇಕು. ಇನ್ಸ್‌ಪೆಕ್ಟರು ದೆವ್ವ ಎಂದು ಬರೆದುಕೊಳ್ಳುವ ಪೈಕಿಯವರಲ್ಲ. ರುದ್ರಪ್ಪ ಆ ಮುಳ್ಳನ್ನು ನಂಬಿಕೊಂಡು ಕೂತರೆ ಅವನ ಕಥೆ ಮುಗಿದಂತೆಯೇ. ಮನೆಯಲ್ಲಿ ಊಟಕ್ಕೆ ಕೂತಾಗ ನನಗೆ ಉಸ್ತಾದರ ಮಾತು ನೆನಪಾಯಿತು. ಮುಟ್ಟದೆ ನಾಡಿ ನೋಡುವ ಡಾಕ್ಟರು. ಎದ್ದು ವರ್ಕ್‌ಶಾಪಿಗೆ ಹೋಗಿ ಪೆಟ್ಟಿಗೆಯ ತಳದಿಂದ ಷಂಟನ್ನು ತೆಗೆದೆ. ಬ್ಯಾಟರಿ ಮತ್ತೆ ಕೂರಿಸಿ, ಸೆಲ್ಫಿನ ಕೇಬಲ್ಲಿನ ದಾರಿಯಲ್ಲಿ ಷಂಟನ್ನು ಬಿಗಿದೆ. ಅದರ ಪಕ್ಕದಲ್ಲೇ, ಅದೇ ಕೇಬಲ್ಲಿನ ಮೇಲೆ, ಕ್ಲಿಪ್ಪಿನ ಮೀಟರು. ಷಂಟು ಸೊನ್ನೆ ಎಂದಿತು. ಕ್ಲಿಪ್ಪಿನ ಮೀಟರು ಅರವತ್ತು ಎಂದಿತು. ಒಂದೇ ಕೇಬಲ್ಲು, ಇಬ್ಬರು ಸಾಕ್ಷಿಗಳು, ಎರಡು ಮಾತು.

ಷಂಟು ತನ್ನೊಳಗೆ ಹಾದದ್ದನ್ನು ಮಾತ್ರ ಹೇಳುತ್ತದೆ. ಹಾದಿಲ್ಲ ಎಂದರೆ ಹಾದಿಲ್ಲ. ಹಾಗಾದರೆ ಇನ್ನೊಂದು ನೋಡುತ್ತಿರುವುದು ಕರೆಂಟನ್ನಲ್ಲ, ಬರೀ ಅಯಸ್ಕಾಂತವನ್ನು. ಕೇಬಲ್ಲಿನ ಸುತ್ತ ಹುಟ್ಟುವ ಶಕ್ತಿಗೂ ಪಕ್ಕದಲ್ಲಿ ಬಿದ್ದ ಅಯಸ್ಕಾಂತಕ್ಕೂ ಆ ಮುಳ್ಳಿಗೆ ಭೇದವಿಲ್ಲ. ಮೀಟರನ್ನು ಕೇಬಲ್ಲಿನಿಂದ ತೆಗೆದು, ಬರೀ ಗಾಳಿಯಲ್ಲಿ ಹಿಡಿದು, ಡಬ್ಬಿಯ ಸುತ್ತ ಆಡಿಸಿದೆ. ಹಿಂದಿನ ಮೂಲೆಗೆ ಹೋದಾಗ ಮುಳ್ಳು ಹುಚ್ಚು ಹಿಡಿದಂತೆ ಕೊನೆಗೆ ಬಡಿಯಿತು. ಅಲ್ಲಿಯ ಗ್ರೀಸು, ಬಟ್ಟೆ ಎಲ್ಲ ಬಗೆದು ಕೈ ಹಾಕಿದೆ. ಬೆರಳಿಗೆ ಏನೋ ತಣ್ಣಗೆ ತಾಗಿತು. ಮೊಳೆಯಿಲ್ಲ, ತಂತಿಯಿಲ್ಲ, ಡಬ್ಬಿಯ ತಗಡಿಗೆ ತಾನಾಗಿ ಕಚ್ಚಿಕೊಂಡಿತ್ತು. ಕಿತ್ತು ಬೆಳಕಿಗೆ ಹಿಡಿದರೆ ಜಟಕಾ ಕುದುರೆಯ ಲಾಳ. ನನ್ನ ಇನ್ನೊಂದು ಕೈಯಲ್ಲಿದ್ದ ಪಾನಾ ಮೆಲ್ಲಗೆ ಅದರ ಕಡೆಗೆ ತಿರುಗಿ ಟಕ್ಕೆಂದು ಅಂಟಿತು.

ಲಾಳದ ಎರಡು ತುದಿಯಲ್ಲೂ ಸುಟ್ಟು ಕರಗಿದ ಗುಳಿ. ಸ್ವಿಚ್ಚಿನ ಎರಡು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿದೆ. ಅವುಗಳ ತಲೆಯ ಮೇಲೂ ಅಂಥದೇ ಗುಳಿ. ಲಾಳವನ್ನು ಅಡ್ಡ ಹಿಡಿದರೆ ಗುಳಿಗೆ ಗುಳಿ ಕೂತಿತು.

ಸೆಲ್ಫಿನ ಕೇಬಲ್ಲಿನ ಗ್ರೀಸು ಒರೆಸಿದಾಗ ಸವೆದು ತುಂಡಾದ ತಂತಿಯೊಂದು ಸಿಕ್ಕಿತು. ಆಗ ಎಲ್ಲ ತಿಳಿಯಿತು. ಯಾರೋ ಲಾಳವನ್ನು ಸೆಲ್ಫಿನ ಕೇಬಲ್ಲಿನ ಮೇಲೆ ತೊಡಿಸಿದಂತೆ ಇಟ್ಟು ತಂತಿಯಿಂದ ಕಟ್ಟಿದ್ದಾರೆ. ಪ್ರತಿ ಸಲ ಸೆಲ್ಫ್ ಹೊಡೆದಾಗಲೂ ನಾನೂರು ಆಂಪಿಯರ್ ಅದರ ಹೊಟ್ಟೆಯೊಳಗೆ ಹಾದು, ದಿನ ದಿನಕ್ಕೆ ಅದನ್ನು ಅಯಸ್ಕಾಂತ ಮಾಡಿದೆ. ರಸ್ತೆಯ ಕುಲುಕಾಟಕ್ಕೆ ತಂತಿ ಸವೆದಿದೆ. ಆ ಮಧ್ಯಾಹ್ನ ಲಾಳ ಜಾರಿ ಎರಡು ಬೋಲ್ಟುಗಳ ಮೇಲೆ ಬಿದ್ದಿದೆ. ಬಟನ್ ಮಾಡಬೇಕಾದ ಕೆಲಸವನ್ನು ಅದು ಮಾಡಿದೆ. ಡೀಸೆಲ್ ಇಂಜಿನ್ನಿಗೆ ತಿರುಗಿಸಿದರೆ ಸಾಕು, ಬೇರೆ ಅಪ್ಪಣೆ ಬೇಕಿಲ್ಲ. ಬಸ್ಸು ಗೋಡೆಗೆ ಬಡಿದ ಏಟಿಗೆ ಲಾಳ ಸಿಡಿದು ಹಿಂದಿನ ತಗಡಿಗೆ ಹೋಗಿ ಕಚ್ಚಿಕೊಂಡಿದೆ. ಉಸ್ತಾದರನ್ನೂ ರುದ್ರಪ್ಪನನ್ನೂ ಕೂಗಿ ಕರೆದು ಲಾಳವನ್ನು ರುದ್ರಪ್ಪನ ಮುಂದೆ ಹಿಡಿದೆ.

ಅವನು ಮುಟ್ಟಲಿಲ್ಲ. ನೋಡುತ್ತಾ ನೋಡುತ್ತಾ ಹಾಗೇ ನೆಲಕ್ಕೆ ಕೂತ.

"ಇದು ಗೌರವ್ವ ಕಟ್ಟಿಸಿದ್ದು," ಎಂದ. "ಗಂಡ ಹೊಸ ಗಾಡಿಗೆ ಹೋಗ್ತಾನೆ, ಕೆಟ್ಟ ಕಣ್ಣು ಬೀಳಬಾರ್ದು ಅಂತ. ಹರಿಹರದ ಸ್ಟ್ಯಾಂಡಿನಾಗ ತಾನೇ ತಂದು ಕೊಟ್ಲು. ಹೊರಗೆ ಕಟ್ಟಿದ್ರೆ ಯಾರಾದ್ರೂ ಒಯ್ತಾರೆ, ಒಳಗೆ ಭದ್ರ ಇರ್ಲಿ ಅಂದ್ಲು. ನಾನೇ ಹಲಗಿ ತೆಗ್ದು ಜಾಗ ತೋರ್ಸಿದ್ದೆ."

ಬೇವಿನ ಮರದ ಕೆಳಗೆ ಅವಳು ಕೂತಿದ್ದು ಶೆಡ್ಡಿನ ಕಿಂಡಿಯಿಂದ ಕಾಣುತ್ತಿತ್ತು.

"ಇದನ್ನ ಹೇಳಬ್ಯಾಡ್ರಿ ಅಣ್ಣ," ಎಂದ ರುದ್ರಪ್ಪ. "ಲೈಸೆನ್ಸ್ ಹೋದ್ರೆ ಹೋಗ್ಲಿ. ತಾನು ಕಟ್ಟಿದ್ದೇ ಗಂಡನ್ನ ತಿಂತು ಅಂತ ಗೊತ್ತಾದ್ರೆ ಆಕಿ ಬದುಕಂಗಿಲ್ಲ."

"ಮತ್ತೆ ನೀನು ಜೈಲಿಗೆ ಹೋಗ್ತಿಯೇನೋ?" ಉಸ್ತಾದರು ಗದರಿದರು. ಆಮೇಲೆ ನನ್ನ ಕಡೆ ತಿರುಗಿ, "ಸಿದ್ದಪ್ಪ, ಇನ್ಸ್‌ಪೆಕ್ಟರಿಗೆ ಬೇಕಾಗಿರೋದು ಕಬ್ಬಿಣ. ಅದು ಲಾಳನೋ ಪಟ್ಟಿನೋ ಅಂತ ಕರೆಂಟು ಕೇಳಂಗಿಲ್ಲ" ಎಂದರು. ಮೀಟರು ಮುಟ್ಟದ ಆ ಮನುಷ್ಯನ ಮೇಲೆ ನನಗೆ ಅಂದು ಉಕ್ಕಿ ಬಂದ ಪ್ರೀತಿಯನ್ನು ಹೇಗೆ ಬರೆಯಬೇಕೋ ತಿಳಿಯದು.

ಇನ್ಸ್‌ಪೆಕ್ಟರು ಬಂದರು. ಒಳ್ಳೆಯ ಮನುಷ್ಯ, ಆದರೆ ಕಣ್ಣಿಗೆ ಕಾಣದ್ದನ್ನು ಒಪ್ಪುತ್ತಿರಲಿಲ್ಲ. ಬಸ್ಸಿನ ಹಿಂದಿನ ಚಕ್ರಗಳನ್ನು ಜಾಕಿನ ಮೇಲೆ ಎತ್ತಿಸಿ, ಗಾಡಿಯನ್ನು ಗೇರಿಗೆ ಹಾಕಿ, ಷಂಟನ್ನು ಕೇಬಲ್ಲಿನಲ್ಲಿ ಬಿಗಿದು, ಅದರ ಮೀಟರನ್ನು ಉದ್ದದ ವೈರಿನಿಂದ ಅವರ ಕೈಗೇ ಕೊಟ್ಟೆ. ಎಲ್ಲರೂ ಕೆಳಗೆ ನಿಂತರು. ನಾನು ಫುಟ್‌ಬೋರ್ಡಿನ ಮೇಲೆ ನಿಂತು ಕೈ ಚಾಚಿ, ಮರದ ಹಿಡಿ ಹಾಕಿದ ಒಂದು ಕಬ್ಬಿಣದ ಪಟ್ಟಿಯನ್ನು ಬೋಲ್ಟುಗಳ ಮೇಲೆ ಅಡ್ಡ ಇಟ್ಟೆ. ನೀಲಿ ಕಿಡಿ ಹಾರಿತು. ಮೀಟರಿನ ಮುಳ್ಳು ನಾನೂರು ದಾಟಿತು. ಇಂಜಿನ್ ಗುರ್ರೆಂದು ಎದ್ದಿತು, ಎತ್ತಿದ ಚಕ್ರಗಳು ತಿರುಗತೊಡಗಿದವು. ಸೀಟು ಖಾಲಿ. ಸ್ಟಿಯರಿಂಗು ಮಾತ್ರ, ಯಾರೋ ಸಡಿಲವಾಗಿ ಹಿಡಿದುಕೊಂಡ ಹಾಗೆ, ಆ ಕಡೆ ಈ ಕಡೆ ಅದುರುತ್ತಿತ್ತು. ಮಾಡಿದವನು ನಾನೇ, ಕಾರಣ ಬಲ್ಲವನೂ ನಾನೇ. ಆದರೂ ನಾನು ಆ ಸೀಟಿನಿಂದ ಕಣ್ಣು ತಿರುಗಿಸಿದೆ. ಕೆಳಗಿದ್ದವರೆಲ್ಲ ಹಿಂದೆ ಸರಿದಿದ್ದರು, ಇನ್ಸ್‌ಪೆಕ್ಟರೂ ಕೂಡ. ರುದ್ರಪ್ಪ ಒಬ್ಬನೇ ಇದ್ದಲ್ಲೇ ನಿಂತು ಮಕ್ಕಳ ಹಾಗೆ ಅಳುತ್ತಿದ್ದ.

"ನಾನು ಇರ್ಲಿಲ್ಲ ನೋಡ್ರಿ. ಯಾರೂ ಇರ್ಲಿಲ್ಲ."

ಡೀಸೆಲ್ ತಡೆಯುವ ಸ್ಟಾಪ್ ಹಿಡಿ ಎಳೆದು ಇಂಜಿನ್ ನಿಲ್ಲಿಸಿದೆ. ಇನ್ಸ್‌ಪೆಕ್ಟರು ಬೋಲ್ಟಿನ ಗುಳಿಗಳನ್ನು ಬೆರಳಿಟ್ಟು ನೋಡಿ, ಕಬ್ಬಿಣ ಎಲ್ಲಿಂದ ಬಂತು ಎಂದರು. ಹಳೇ ಕಬ್ಬಿಣದ ತುಂಡು ಒಳಗೆ ಉಳಿದಿತ್ತು, ಕುಲುಕಾಟಕ್ಕೆ ಜಾರಿದೆ ಎಂದೆ. ಅದರಲ್ಲಿ ಸುಳ್ಳು ಏನಿದೆ. ಗೇರಿನಲ್ಲಿ ನಿಲ್ಲಿಸುವುದು ಡ್ರೈವರನ ತಪ್ಪಲ್ಲ ಎಂದು ಅವರು ಬರೆದುಕೊಂಡರು. ಹೋಗುವಾಗ ಸೌತೆಕಾಯಿ ಮುದುಕಿಯ ಮಾತು ಬಂತು. ಗಾಜು ಒರೆಸುತ್ತಿದ್ದ ಹಾಲೇಶಿಯ ಬಿಂಬ ಗಾಜಿನಲ್ಲಿ ಕಂಡಿರಬೇಕು, ಅವನ ಅಂಗಿ ಬಿಳಿಯದೇ ಅಲ್ಲವೇ ಎಂದರು. ಇರಬಹುದು. ಅದನ್ನು ಅಳೆಯುವ ಮೀಟರು ನನ್ನ ಬಳಿ ಇರಲಿಲ್ಲ.

ರುದ್ರಪ್ಪನಿಗೆ ಕೆಲಸ ಮರಳಿ ಸಿಕ್ಕಿತು. ಅದೇ ಬಸ್ಸು ಹತ್ತಲು ಅವನು ಒಪ್ಪಲಿಲ್ಲ, ಸಾಹುಕಾರರು ಬೇರೆ ರೂಟು ಕೊಟ್ಟರು. ಲಾಳವನ್ನು ತುಂಗಭದ್ರೆಗೆ ಎಸೆದು ಬಾ ಎಂದರು ಉಸ್ತಾದರು. ಎಸೆಯಬೇಕೆಂದೇ ಚೀಲದಲ್ಲಿ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಗೌರವ್ವ ಮತ್ತೆ ಬಂದಳು. ಈ ಸಲ ಜೊತೆಗೆ ಅವಳ ತಮ್ಮ ಮಂಜಪ್ಪ, ಮೀಸೆ ಮೂಡಿದ ಗಟ್ಟಿಮುಟ್ಟಾದ ಆಳು. ಮನೆ ನಡೆಯಬೇಕಲ್ಲ ಎಂದು ಸಾಹುಕಾರರು ಅದೇ ಬಸ್ಸಿನಲ್ಲಿ, ಅದೇ ಜಾಗಕ್ಕೆ ಅವನನ್ನು ಹಾಕಿಕೊಂಡಿದ್ದರು.

ಅವಳು ನೇರ ನನ್ನ ಬಳಿ ಬಂದಳು. "ಅಣ್ಣಾರೆ, ಗಾಡ್ಯಾಗ ಒಂದು ಲಾಳ ಇತ್ರಿ. ನಾ ಕಟ್ಟಿಸಿದ್ದು. ಎಲ್ಲ ಬಿಚ್ಚಿದೋರು ನೀವಂತೆ, ನಿಮಗೇನಾದ್ರೂ ಸಿಕ್ತೇನ್ರಿ?"

ಉಸ್ತಾದರು ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಇಲ್ಲ ಎನ್ನಬಹುದಿತ್ತು. ಆದರೆ ಅವಳು ಇನ್ನೊಂದನ್ನು ತಂದು ತಮ್ಮನ ಕೈಯಿಂದ ಅದೇ ಜಾಗದಲ್ಲಿ ಕಟ್ಟಿಸುವುದು ನನ್ನ ಕಣ್ಣ ಮುಂದೆ ಬಂದು ನಿಂತಿತು. ಚೀಲದಿಂದ ಲಾಳವನ್ನು ತೆಗೆದು ತೋರಿಸಿದೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, ಸೆರಗಿನಿಂದ ಒರೆಸಿ, ಕಣ್ಣಿಗೆ ಒತ್ತಿಕೊಂಡಳು. ಸುಟ್ಟ ಗುಳಿಗಳ ಮೇಲೆ ಅವಳ ಹೆಬ್ಬೆರಳು ಹರಿದಾಡಿತು.

"ಅವತ್ತು ಇದು ಜಾರಿ ಬಿದ್ದಿರ್ಬೇಕ್ರಿ," ಎಂದಳು. "ಇದು ಬಿದ್ದದ್ದಕ್ಕೇ ಹಿಂಗಾತು."

ರುದ್ರಪ್ಪ ಹೇಳಿದ್ದನ್ನೇನೂ ಅವಳು ಕೇಳಿರಲಿಲ್ಲ. ಇನ್ಸ್‌ಪೆಕ್ಟರ ಕಾಗದವನ್ನೂ ಓದಿರಲಿಲ್ಲ. ಷಂಟು, ಮೀಟರು, ಬೋಲ್ಟು ಎಲ್ಲ ಇಟ್ಟುಕೊಂಡು ನಾನು ಕಂಡುಹಿಡಿದದ್ದು ಇದೇ ಮಾತು. ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ.

"ಈ ಸಲ ಬೀಳದಂಗ ಕಟ್ಟಿಕೊಡ್ರಿ," ಎಂದಳು.

ಉಸ್ತಾದರು ಲಾಳವನ್ನು ಅವಳ ಕೈಯಿಂದ ತೆಗೆದುಕೊಂಡು, ಕುಲುಮೆಗೆ ಹೋಗಿ ಕೆಂಪಗೆ ಕಾಯಿಸಿ ಆರಿಸಿ ತಂದರು. ಕಾಯಿಸಿದರೆ ಅಯಸ್ಕಾಂತ ಹೋಗುತ್ತದೆ ಎಂದು ಅವರಿಗೆ ಯಾವ ಕಾಗದವೂ ಹೇಳಿರಲಿಲ್ಲ. "ಶುದ್ಧ ಆತವ್ವ" ಎಂದಷ್ಟೇ ಹೇಳಿದರು. ಒಳಗೆ ಬೇಡ, ಎಲ್ಲರಿಗೂ ಕಾಣುವ ಹಾಗೆ ಮುಂದೆ ಇದ್ದರೆ ಒಳ್ಳೆಯದು ಎಂದು ನಾನು ಅವಳನ್ನು ಒಪ್ಪಿಸಿದೆ. ಬಸ್ಸಿನ ಮುಂಭಾಗದಲ್ಲಿ, ಬ್ಯಾಟರಿಯಿಂದ, ಕೇಬಲ್ಲಿನಿಂದ ಆದಷ್ಟೂ ದೂರದಲ್ಲಿ ತೂತು ಕೊರೆದು, ಲಾಳದ ಪ್ರತಿ ಮೊಳೆತೂತಿಗೂ ರಿವೆಟ್ ಹೊಡೆದೆ. ಗೋಡೆಗೆ ಬಡಿದು ತಗ್ಗಾದ ತಗಡು ಅದು. ನನ್ನ ಸುತ್ತಿಗೆಯ ಏಟು ಅಲ್ಲಿ ಬೀಳುವಾಗ ಅವಳು ಪಕ್ಕದಲ್ಲೇ ನಿಂತು, ಹಾಲೇಶಿ ನಿಂತಿದ್ದ ಹಾಗೆಯೇ ಬಸ್ಸಿನ ಮುಂದೆ ನಿಂತು, ನೋಡುತ್ತಿದ್ದಳು.

ಮುಗಿದ ಮೇಲೆ ಮುಂದೆ ಬಂದು ಲಾಳವನ್ನು ಎರಡೂ ಕೈಯಲ್ಲಿ ಹಿಡಿದು, ಮೈಭಾರವನ್ನೆಲ್ಲ ಹಾಕಿ ಜಗ್ಗಿದಳು. ಅದು ಅಲುಗಲಿಲ್ಲ.

"ಇನ್ನ ಬೀಳಂಗಿಲ್ಲಲ್ರಿ?"

"ಬೀಳಂಗಿಲ್ಲವ್ವ," ಎಂದೆ.